‘ಇದೂ ಒಂದು ಬಾಳಾ?’: ಅರ್ಥ ಹುಡುಕುವವರೂ ನಾವೂ

ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾವು ಕೆಲವರು ಸೇರಿ ಕತೆ ಓದಿ ಮಾತಾಡಿಕೊಳ್ಳುವುದುಂಟು. ಕಳೆದ ಸಲ ಅಲ್ಲೇ ಇದ್ದು ಓದಿ ಹೋದ ಹುಡುಗನೊಬ್ಬ ಬಂದಿದ್ದ. ಮಾತೆಲ್ಲ ಮುಗಿಯುವ ಹೊತ್ತಿಗೆ ಎದ್ದು ನಿಂತು ಕೇಳಿದ: ‘ಅಣ್ಣಾ, ನಮ್ತಾತ ಜೀತ ಮಾಡ್ದ. ನಮ್ಮಪ್ಪ ಕೂಲಿ ಮಾಡಿ ನನ್ನ ಓದಿಸ್ದ. ನನಗೆ ನೌಕ್ರಿ ಸಿಕ್ತು, ಊರಲ್ಲಿ ತಾರಸಿ ಮನೆನೂ ಎದ್ದಿತು. ಆದ್ರೂ ಸಂಜೆ ಆಯ್ತು ಅಂದ್ರೆ ಎಲ್ಲಾ ಬರಿದು ಬರಿದು ಅನ್ನಿಸ್ತದೆ. ಯಾತಕ್ಕೆ ಬದುಕ್ತಾ ಇವ್ನಿ ಅಂತ ತಿಳಿಯಕಿಲ್ಲ. ಇದನ್ನ ಕತೆ ಮಾಡ್ಬೋದಾ? ಮಾಡಿದ್ರೆ ಅದು ಬಂಡಾಯ ಆಯ್ತದಾ?’

ನಾವು ನಕ್ಕೆವು. ನಮ್ಮಲ್ಲಿ ಹಿರಿಯನೊಬ್ಬ ‘ಅದು ನವ್ಯದೋರ ಕಾಯಿಲೆ ಕಣಪ್ಪ, ನಿನಗ್ಯಾಕೆ ಅಂಟ್ಕಂತು?’ ಅಂದ. ಹುಡುಗನೂ ನಕ್ಕು ಕೂತುಕೊಂಡ. ಆಮೇಲೆ ಬಾಯಿ ತೆರೆಯಲಿಲ್ಲ.

ಆ ನಗು ನಮ್ಮನ್ನು ಬಿಟ್ಟಿಲ್ಲ. ಒಂದು ಪ್ರಶ್ನೆಯನ್ನು ನಗಿಸಿ ಕೂರಿಸುವುದು ಊರಗೌಡರು ಮಾಡುವ ಕೆಲಸ. ಅದನ್ನು ನಾವೇ ಮಾಡಿದೆವು. ಈ ಬರಹ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ. ತಡವಾಗಿ ಕೊಡುತ್ತಿದ್ದೇವೆ.

ಬಾಳಿಗೆ ಅರ್ಥವೇನು, ಗುರಿಯೇನು ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯದಲ್ಲಿ ಗುತ್ತಿಗೆ ಹಿಡಿದವರು ನವ್ಯರು. ಐವತ್ತರ, ಅರವತ್ತರ ದಶಕಗಳಲ್ಲಿ ಯುರೋಪಿನ ಯುದ್ಧಗಳ ಬೂದಿಯಿಂದ ಎದ್ದ ಅಸ್ತಿತ್ವವಾದ ನಮ್ಮ ಕಾಲೇಜುಗಳ ಇಂಗ್ಲಿಷ್ ವಿಭಾಗಗಳ ಮೂಲಕ ಇಲ್ಲಿಗೆ ಬಂತು. ಅನಾಥಪ್ರಜ್ಞೆ, ಪರಕೀಯತೆ, ಅಸಂಗತತೆ, ಅನ್ವೇಷಣೆ ಎಂಬ ಮಾತುಗಳು ಕತೆ ಕವಿತೆ ವಿಮರ್ಶೆಯ ತುಂಬ ಓಡಾಡಿದವು. ಇದರ ಎದುರಿಗೆ ನಮ್ಮ ತಲೆಮಾರು ಎದ್ದಿತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದದ್ದಕ್ಕೆ ನಾಡೇ ರೊಚ್ಚಿಗೆದ್ದಿತು, ಅವರು ಮಂತ್ರಿ ಪದವಿ ಕಳೆದುಕೊಂಡರು. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ‘ಅರ್ಥದ ಹುಡುಕಾಟ ಹೊಟ್ಟೆ ತುಂಬಿದವರ ಮಾತು, ಮೊದಲು ಅನ್ನ, ಆಮೇಲೆ ಅರ್ಥ’ ಎಂಬುದು ಆ ಕಾಲದಲ್ಲಿ ನಮ್ಮವರ ಬಾಯಲ್ಲಿ ಮಂತ್ರದ ಹಾಗೆ ಇತ್ತು. ಅದನ್ನು ಅಂದಾಗ ಅದಕ್ಕೊಂದು ಕಾರಣ ಇತ್ತು. ಆದರೆ ಅದು ಅರ್ಧ ಸತ್ಯ. ಇನ್ನರ್ಧವನ್ನು ನಾವು ಹೇಳದೆ ಬಿಟ್ಟೆವು.

ಕೇರಿಯಲ್ಲಿ ಈ ಪ್ರಶ್ನೆ ಇರಲಿಲ್ಲವೇ? ನಮ್ಮ ಅವ್ವಂದಿರು ದಿನಾ ಕೇಳಿದ್ದಾರೆ. ಗೌಡರ ಗದ್ದೆಯಲ್ಲಿ ನಾಟಿ ಹಾಕಿ ಕತ್ತಲಲ್ಲಿ ಮನೆಗೆ ಬಂದು, ಒಲೆ ಮುಂದೆ ಕೂತು, ಹಸಿ ಸೌದೆಗೆ ಊದಿ ಊದಿ ಕಣ್ಣು ಕೆಂಪಾದಾಗ, ‘ಇದೂ ಒಂದು ಬಾಳಾ? ಯಾಕಾದ್ರೂ ಹುಟ್ಟುದ್ನೋ’ ಅಂದಿದ್ದಾರೆ. ಅದನ್ನು ನಾವು ಗೊಣಗಾಟ ಅಂದುಕೊಂಡೆವು. ತತ್ವಶಾಸ್ತ್ರ ಅಂದುಕೊಳ್ಳಲಿಲ್ಲ.

ಈ ಎರಡು ಪ್ರಶ್ನೆಗಳನ್ನು ಪಕ್ಕ ಪಕ್ಕ ಇಟ್ಟು ನೋಡೋಣ. ‘ಬಾಳಿಗೆ ಅರ್ಥವೇನು?’ ಎಂದು ಕೇಳುವವನ ಕೈಯಲ್ಲಿ ಬಾಳು ಆಗಲೇ ಇದೆ. ಅರ್ಥ ಮಾತ್ರ ಎಲ್ಲೋ ಜಾರಿ ಬಿದ್ದಿದೆ. ‘ಇದೂ ಒಂದು ಬಾಳಾ?’ ಎಂದು ಕೇಳುವವಳಿಗೆ ಬಾಳು ಅಂದರೆ ಹೇಗಿರಬೇಕು ಅನ್ನುವುದು ಗೊತ್ತಿದೆ. ತನಗೆ ಸಿಕ್ಕಿರುವುದು ಅದಲ್ಲ ಅನ್ನುವುದೂ ಗೊತ್ತಿದೆ. ಮೊದಲನೆಯ ಪ್ರಶ್ನೆ ಆಕಾಶದ ಕಡೆ ನೋಡುತ್ತದೆ. ಎರಡನೆಯದು ಎದುರಿಗೆ ನಿಂತವರ ಮುಖ ನೋಡುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ನಮಗೆ ಅರ್ಥದ ಕೊರತೆ ಯಾವತ್ತೂ ಇರಲಿಲ್ಲ. ಹುಟ್ಟಿದ ಗಳಿಗೆಗೇ ಊರು ನಮ್ಮ ಬದುಕಿನ ಗುರಿಯನ್ನು ಬರೆದಿಟ್ಟಿರುತ್ತಿತ್ತು. ಸತ್ತ ದನ ಎಳೆಯುವುದು, ಹೆಣದ ಮುಂದೆ ತಮಟೆ ಬಡಿಯುವುದು, ಸಾವಿನ ಸುದ್ದಿಯನ್ನು ಊರಿಂದೂರಿಗೆ ಒಯ್ಯುವುದು, ತೋಟಿಯಾಗಿ ಚಾವಡಿ ಕಾಯುವುದು. ‘ಯಾಕೆ?’ ಅಂದರೆ ಕರ್ಮ ಅನ್ನುವ ಉತ್ತರ ಸಿದ್ಧವಾಗಿತ್ತು. ಹಿಂದಿನ ಜನ್ಮದ ಪಾಪಕ್ಕೆ ಈ ಜನ್ಮ, ಈ ಜನ್ಮದ ಚಾಕರಿಗೆ ಮುಂದಿನ ಜನ್ಮ. ಇಷ್ಟು ಅಚ್ಚುಕಟ್ಟಾಗಿ ಬದುಕಿಗೆ ಅರ್ಥ ಹೇಳಿದ ವ್ಯವಸ್ಥೆ ಬೇರೆಲ್ಲಾದರೂ ಇದೆಯೇ? ಯುರೋಪಿನವನಿಗೆ ದೇವರು ಸತ್ತು ಅರ್ಥ ಕಳೆದುಹೋಯಿತು. ನಮ್ಮ ತಲೆಯ ಮೇಲೆ ಕೂತ ಅರ್ಥ ಇಳಿಯಲೇ ಇಲ್ಲ. ಆದ್ದರಿಂದ ನಮ್ಮ ಹುಡುಕಾಟದ ಮೊದಲ ಹೆಜ್ಜೆಯೇ ಬೇರೆ. ಇನ್ನೊಬ್ಬರು ಬರೆದಿಟ್ಟ ಅರ್ಥವನ್ನು ನಾವು ಮೊದಲು ಒರೆಸಬೇಕು.

ಈಗ ಕೃತಿಗಳ ಕಡೆ ಬರೋಣ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಅರ್ಥದ ಹುಡುಕಾಟದ ಕಾದಂಬರಿಗಳಲ್ಲಿ ಹೆಸರಾದದ್ದು. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪ ಸಾಯುತ್ತಾನೆ. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಪ್ರಾಣೇಶಾಚಾರ್ಯರು ಗ್ರಂಥ ಹುಡುಕುತ್ತಾರೆ, ಮಾರುತಿಯ ಮುಂದೆ ಕೂರುತ್ತಾರೆ, ಉತ್ತರ ಸಿಗುವುದಿಲ್ಲ. ಆಮೇಲೆ ಅವರ ಬದುಕೇ ಪ್ರಶ್ನೆಯಾಗುತ್ತದೆ. ಅಗ್ರಹಾರದ ಒಳಗಿದ್ದುಕೊಂಡೇ ಅಗ್ರಹಾರದ ಹುಳುಕನ್ನು ಬಿಚ್ಚಿದ ಈ ಕಾದಂಬರಿಯ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ನಮ್ಮ ಕಣ್ಣಿಂದ ಒಂದು ಸಲ ಓದಿ ನೋಡಿ. ಅದೇ ಪ್ಲೇಗು ಹೊಲೆಯರ ಗುಡಿಸಲಿಗೂ ಬಂದಿದೆ. ಅಲ್ಲೂ ಜನ ಸತ್ತಿದ್ದಾರೆ. ಹೆಣ ಒಳಗಿರುವಾಗಲೇ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಅಲ್ಲಿಗೆ ಸಂಸ್ಕಾರ ಮುಗಿಯಿತು. ಒಂದು ಹೆಣಕ್ಕೆ ಇಡೀ ಕಾದಂಬರಿ, ಇನ್ನೊಂದು ಹೆಣಕ್ಕೆ ನಾಲ್ಕು ಸಾಲು. ಆ ಬೆಂಕಿಯ ಮುಂದೆ ನಿಂತವರಿಗೆ ಸಾವು ಬದುಕಿನ ಬಗ್ಗೆ ಏನೂ ಅನ್ನಿಸಲಿಲ್ಲವೇ? ಕಾದಂಬರಿ ಕೇಳುವುದಿಲ್ಲ. ಅಲ್ಲಿ ಕಾಣುವ ಬೆಳ್ಳಿಗೆ ಮೈ ಇದೆ, ಮೈಯ ಮೇಲೆ ಬ್ರಾಹ್ಮಣ ಹುಡುಗನ ಕಣ್ಣಿದೆ. ಅವಳಿಗೊಂದು ಪ್ರಶ್ನೆ ಇರಬಹುದು ಅನ್ನುವುದು ಬರೆದವರಿಗೆ ಹೊಳೆಯಲಿಲ್ಲ.

ಇನ್ನು ಚಂದ್ರಿಯನ್ನು ನೋಡಿ. ಆಚಾರ್ಯರು ಶಾಸ್ತ್ರ ತಿರುವಿ ಹಾಕುತ್ತಿರುವಾಗ ಅವಳ ಮುಂದೆ ಇರುವುದು ಒಂದೇ ಸಂಗತಿ, ಕೊಳೆಯುತ್ತಿರುವ ಹೆಣ. ಕತ್ತಲಲ್ಲಿ ಮೀನು ವ್ಯಾಪಾರದ ಅಹಮದ್ ಬ್ಯಾರಿಯ ನೆರವು ಪಡೆದು ಸುಡಿಸಿ, ತನ್ನ ದಾರಿ ಹಿಡಿದು ಕುಂದಾಪುರಕ್ಕೆ ಹೊರಡುತ್ತಾಳೆ. ಇಡೀ ಅಗ್ರಹಾರಕ್ಕೆ ಬಿಡಿಸಲಾಗದ ಸಮಸ್ಯೆಯನ್ನು ಒಬ್ಬ ಸೂಳೆ ಅನ್ನಿಸಿಕೊಂಡ ಹೆಂಗಸು, ಒಬ್ಬ ಮುಸಲ್ಮಾನ ಒಂದು ರಾತ್ರಿಯಲ್ಲಿ ಮುಗಿಸಿದರು. ಆದರೆ ಆಚಾರ್ಯರಿಗೆ ಈ ಸಂಗತಿ ಗೊತ್ತೇ ಆಗುವುದಿಲ್ಲ. ಅವರು ಕಾಡು ಮೇಡು, ಜಾತ್ರೆ ಸುತ್ತುತ್ತ ಅರ್ಥ ಹುಡುಕುತ್ತಲೇ ಇದ್ದಾರೆ. ಕೊನೆಗೆ ಗಾಡಿ ಹತ್ತಿ ಊರ ಕಡೆ ಹೊರಟಾಗಲೂ ಏನು ಮಾಡುವುದು ಅಂತ ತೀರ್ಮಾನವಾಗಿಲ್ಲ. ವಿಮರ್ಶಕರು ಆ ಅನಿಶ್ಚಯವನ್ನೇ ಕೃತಿಯ ಹಿರಿಮೆ ಅಂದರು. ಆಗಲೇ ಸುಟ್ಟು ಬೂದಿಯಾದ ಹೆಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕೂ ಒಂದು ಬಿಡುವು ಬೇಕು, ಒಂದು ಜಾತಿ ಬೇಕು. ಈ ಮಾತನ್ನು ಅವರು ಹೇಳಲಿಲ್ಲ.

ಇದಕ್ಕಿಂತ 32 ವರ್ಷ ಹಿಂದೆಯೇ ಕಾರಂತರು ‘ಚೋಮನ ದುಡಿ’ (1933) ಬರೆದಿದ್ದರು. ಚೋಮನಿಗೆ ಬದುಕಿನ ಗುರಿ ಏನು ಅಂತ ಹುಡುಕುವ ಕಷ್ಟವೇ ಇಲ್ಲ. ಅವನಿಗೆ ಒಂದು ತುಂಡು ಗದ್ದೆ ಬೇಕು, ತಾನೇ ಉಳಬೇಕು. ಎರಡು ಎತ್ತನ್ನೂ ಸಾಕಿಟ್ಟುಕೊಂಡಿದ್ದಾನೆ. ಹೊಲೆಯ ಆರು ಕಟ್ಟಬಾರದು ಅನ್ನುವ ಕಟ್ಟಳೆ ಅವನ ಗುರಿಗೆ ಅಡ್ಡ ನಿಂತಿದೆ. ಒಂದೊಂದಾಗಿ ಮಕ್ಕಳು ಹೋಗುತ್ತಾರೆ. ಒಬ್ಬ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಹೆದರಿ ಕೈ ಚಾಚುವುದಿಲ್ಲ. ಇಲ್ಲಿ ದುಃಖ ಹುಟ್ಟುವುದು ಅರ್ಥ ಇಲ್ಲದ್ದರಿಂದ ಅಲ್ಲ. ಅರ್ಥ ಕಣ್ಣೆದುರಿಗೇ ಇದೆ, ಗದ್ದೆಯ ಹಾಗೆ ಹಸಿರಾಗಿ ಇದೆ. ಮುಟ್ಟಲು ಬಿಡುವುದಿಲ್ಲ.

ಚೋಮನ ಮೇಲೆ ಕಾರಂತರಿಗೆ ಇರುವ ಕರುಣೆ ನಿಜವಾದದ್ದು. ಆದರೂ ಅವರು ಚೋಮನನ್ನು ಒಬ್ಬಂಟಿ ಮಾಡಿಬಿಟ್ಟರು. ಕೊನೆಗೆ ಅವನು ಎತ್ತುಗಳನ್ನು ಬಿಟ್ಟಟ್ಟಿ, ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಅಕ್ಕಪಕ್ಕದ ಗುಡಿಸಲುಗಳಲ್ಲಿ ಎಷ್ಟು ಜನ ಚೋಮರಿದ್ದರು? ಅವರಲ್ಲಿ ಒಬ್ಬನಾದರೂ ಬಂದು ಆ ಬಾಗಿಲು ಒದ್ದು ತೆಗೆಯಲಿಲ್ಲ ಯಾಕೆ? ಕಾದಂಬರಿ ಬರುವ ಆರು ವರ್ಷ ಮೊದಲೇ ಮಹಾಡಿನಲ್ಲಿ ಸಾವಿರಾರು ಜನ ಒಟ್ಟಿಗೆ ನಡೆದು ಹೋಗಿ ಕೆರೆಯ ನೀರು ಮುಟ್ಟಿದ್ದರು. ಚೋಮನ ದುಡಿಯ ಸದ್ದು ಓದುಗರ ಕಣ್ಣಲ್ಲಿ ನೀರು ತರಿಸಿತು, ಜನರನ್ನು ಒಟ್ಟು ಕೂಡಿಸಲಿಲ್ಲ.

ಇದರ ಪಕ್ಕಕ್ಕೆ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಇಡಬೇಕು. ಆ ಆತ್ಮಕಥೆ ಶುರುವಾಗುವ ಹೊತ್ತಿಗೇ ಒಂದು ನೋಟ ಬರುತ್ತದೆ. ಹೊಲದಲ್ಲಿ ಇಬ್ಬರ ಹೆಗಲ ಮೇಲೆ ನೊಗ ಇಟ್ಟು ಎತ್ತಿನ ಹಾಗೆ ಹೂಡಿದ್ದಾರೆ. ಹಾಗೆ ಎಳೆಯುತ್ತಿರುವವರಲ್ಲಿ ಒಬ್ಬರು ಸಿದ್ಧಲಿಂಗಯ್ಯನವರ ಅಪ್ಪ. ಚೋಮನಿಗೆ ಎತ್ತು ಇತ್ತು, ಗದ್ದೆ ಇರಲಿಲ್ಲ. ಇಲ್ಲಿ ಮನುಷ್ಯನೇ ಎತ್ತು. ಆದರೆ ಇದನ್ನು ಹೇಳುವ ದನಿ ಅಳುವುದಿಲ್ಲ. ಮುಂದೆ ಪುಟ ಪುಟಕ್ಕೂ ನಗು ಬರುತ್ತದೆ. ಕೆಲವು ಗೆಳೆಯರು ಈ ನಗುವನ್ನು ರಾಜಿ ಅಂದರು. ನಾವು ಒಪ್ಪುವುದಿಲ್ಲ. ನೊಗ ಹೊತ್ತವನ ಮಗ ಆ ನೊಗವನ್ನು ನೋಡಿ ನಗಬಲ್ಲ ಅಂದರೆ, ಊರು ಅವನಿಗೆ ಬರೆದಿಟ್ಟ ಅರ್ಥ ಅಳಿಸಿಹೋಗಿದೆ ಅಂತಲೇ ಲೆಕ್ಕ. 2021ರಲ್ಲಿ ತೀರಿಕೊಂಡ ಈ ಕವಿಯ ಹಾಡುಗಳನ್ನು ಕೂಗಿದಷ್ಟು ನಾವು ಅವರ ನಗುವನ್ನು ಓದಲಿಲ್ಲ.

ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನದೂ ಒಂದು ಅನ್ವೇಷಣೆಯೇ. ಅವಳು ಹುಡುಕುವುದು ಕಳೆದುಹೋದ ತನ್ನ ಹುಂಜವನ್ನು. ನವ್ಯ ವಿಮರ್ಶೆಯ ತಕ್ಕಡಿಯಲ್ಲಿ ಹುಂಜಕ್ಕೆ ಏನು ತೂಕ? ಆದರೆ ಆ ಹುಡುಕಾಟದಲ್ಲಿ ಸಾಕವ್ವ ಇಡೀ ಕೇರಿಯನ್ನು ಬೈಯುತ್ತಾಳೆ, ಕರೆಯುತ್ತಾಳೆ, ಕೂಡಿಸುತ್ತಾಳೆ. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತದೆ. ಮನೆ ಮಂದಿಯೆಲ್ಲ ಬೆಂಕಿ ಸುತ್ತ ಕೂತು, ಮಾತಾಡುತ್ತ, ಜಗಳ ಕಾಯುತ್ತ, ನಗುತ್ತ ತಿನ್ನುತ್ತಾರೆ. ಕನ್ನಡದಲ್ಲಿ ಇಷ್ಟು ತುಂಬಿದ ರಾತ್ರಿ ಇನ್ನೊಂದು ನಮಗೆ ನೆನಪಿಗೆ ಬರುವುದಿಲ್ಲ. ಅದೇ ಮನೆಯ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಆ ನವಿಲಿನಿಂದ ಹೊಟ್ಟೆ ತುಂಬುವುದಿಲ್ಲ, ಕೂಲಿ ಹೆಚ್ಚುವುದಿಲ್ಲ, ಮನೆಗೆ ನುಗ್ಗುವ ಪೊಲೀಸರು ನಿಲ್ಲುವುದಿಲ್ಲ. ಆದರೂ ಬರೆಯುತ್ತಾಳೆ.

‘ಮೊದಲು ಅನ್ನ, ಆಮೇಲೆ ಅರ್ಥ’ ಅಂದ ನಮ್ಮ ಮಾತಿಗೆ ಈ ಹುಡುಗಿಯೇ ಉತ್ತರ. ಹಸಿದ ಮನೆಯಲ್ಲೇ ನವಿಲು ಹುಟ್ಟುತ್ತದೆ. ಅನ್ನ ಸಿಗುವವರೆಗೆ ಅರ್ಥ ಕಾದು ನಿಲ್ಲುವುದಿಲ್ಲ. ಹಸಿದವರಿಗೆ ಅರ್ಥದ ಹಸಿವಿಲ್ಲ ಅನ್ನುವುದು ಜಮೀನ್ದಾರನ ಮಾತು. ‘ಅವುಕ್ಕೇನು ಗೊತ್ತಾಯ್ತದೆ, ಮುದ್ದೆ ಹಾಕಿದ್ರೆ ಸಾಕು’ ಅಂದವನು ಅವನು. ಅದನ್ನೇ ನಾವು ಕೆಂಪು ಅಕ್ಷರದಲ್ಲಿ ಬರೆದರೆ ಅದು ಕ್ರಾಂತಿಯ ಮಾತಾಗುವುದಿಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಬಾಬಾಸಾಹೇಬರು. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದರಲ್ಲ, ಆ ನೀರು ಇಲ್ಲದೆಯೂ ಅಲ್ಲಿಯವರೆಗೆ ಜನ ಬದುಕಿದ್ದರು. ಅದು ಬಾಯಾರಿಕೆಯ ಹೋರಾಟ ಆಗಿರಲಿಲ್ಲ. ನಾವು ಯಾರು ಅನ್ನುವ ಪ್ರಶ್ನೆಗೆ ಬೊಗಸೆಯಲ್ಲಿ ಕೊಟ್ಟ ಉತ್ತರ ಅದು. ಬದುಕಿನ ಕೊನೆಗಾಲದಲ್ಲಿ ಅವರು ‘ಬುದ್ಧ ಮತ್ತು ಆತನ ಧಮ್ಮ’ ಬರೆದರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಸಿದ್ಧಾರ್ಥ ಮನೆ ಬಿಟ್ಟ ಕತೆಯನ್ನು ಅವರು ಹೇಳುವ ಬಗೆ ನಮ್ಮ ಚರ್ಚೆಗೆ ಬೀಗದ ಕೈ ಇದ್ದ ಹಾಗೆ ಇದೆ.

ನಮಗೆ ಶಾಲೆಯಲ್ಲಿ ಹೇಳಿದ ಕತೆ ಎಲ್ಲರಿಗೂ ಗೊತ್ತು. ಒಬ್ಬ ಮುದುಕ, ಒಬ್ಬ ರೋಗಿ, ಒಂದು ಹೆಣ ಕಂಡು ರಾಜಕುಮಾರನಿಗೆ ಬದುಕು ಬೇಸರವಾಯಿತು. ಅಂಬೇಡ್ಕರ್ ಇದನ್ನು ನಂಬುವುದಿಲ್ಲ. 29 ವರ್ಷದ ಗಂಡಸು ಅಲ್ಲಿಯವರೆಗೆ ಒಬ್ಬ ಮುದುಕನನ್ನೂ ಕಂಡಿರಲಿಲ್ಲವೇ ಎಂಬುದು ಅವರ ಆಕ್ಷೇಪ. ಅವರ ಪುಸ್ತಕದಲ್ಲಿ ಸಿದ್ಧಾರ್ಥ ಮನೆ ಬಿಡುವುದಕ್ಕೆ ಕಾರಣ ರೋಹಿಣಿ ನದಿಯ ನೀರು. ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ ಹುಟ್ಟುತ್ತದೆ. ಶಾಕ್ಯರ ಸಂಘ ಯುದ್ಧ ಅನ್ನುತ್ತದೆ. ಸಿದ್ಧಾರ್ಥ ಸಭೆಯಲ್ಲಿ ಎದ್ದು ಬೇಡ ಅನ್ನುತ್ತಾನೆ. ಬಹುಮತ ಅವನ ವಿರುದ್ಧ ಬೀಳುತ್ತದೆ. ತನ್ನ ಮನೆಯವರಿಗೆ ಬಹಿಷ್ಕಾರ ತಟ್ಟದಿರಲಿ ಎಂದು ತಾನೇ ನಾಡು ಬಿಟ್ಟು ಹೊರಡುತ್ತಾನೆ. ಮುಂದೆ ಜಗಳ ತಣ್ಣಗಾದ ಸುದ್ದಿ ಬಂದರೂ ಹಿಂದಿರುಗುವುದಿಲ್ಲ. ಈ ಒಂದು ಜಗಳ ನಿಂತರೆ ಸಾಕೇ, ಮನುಷ್ಯರ ನಡುವಿನ ಜಗಳದ ಬೇರು ಎಲ್ಲಿದೆ ಎಂದು ಯೋಚಿಸುತ್ತ ಮುಂದೆ ನಡೆಯುತ್ತಾನೆ.

ಇಲ್ಲಿ ಅರ್ಥದ ಹುಡುಕಾಟ ನೀರಿನ ಜಗಳದಿಂದ, ಒಂದು ಸಭೆಯಿಂದ, ಒಂದು ಬಹಿಷ್ಕಾರದ ಬೆದರಿಕೆಯಿಂದ ಶುರುವಾಗುತ್ತದೆ. ಇದಕ್ಕಿಂತ ನಮ್ಮ ಊರಿನ ಕತೆ ಇನ್ನು ಯಾವುದು? ಹುಡುಕುತ್ತ ಹೋದವನು ಕೊನೆಗೆ ಕಂಡುಕೊಂಡದ್ದೂ ಒಂಟಿ ಮನುಷ್ಯನ ಮೋಕ್ಷವಲ್ಲ. ಮನುಷ್ಯನಿಗೂ ಮನುಷ್ಯನಿಗೂ ಇರಬೇಕಾದ ಸರಿಯಾದ ನಂಟೇ ಧಮ್ಮ ಎಂಬುದು ಆ ಪುಸ್ತಕದ ತಿರುಳು. ಇಬ್ಬರಿದ್ದಾಗ ಹುಟ್ಟುವ ಪ್ರಶ್ನೆಗೆ ಒಬ್ಬನೇ ಕೂತು ಉತ್ತರ ಹುಡುಕಿದರೆ ಸಿಗುವುದಾದರೂ ಹೇಗೆ?

ಇಷ್ಟೆಲ್ಲ ಕೈಯಲ್ಲಿದ್ದೂ ನಾವು ಕಲಿಯಲಿಲ್ಲ. 2016ರ ಜನವರಿ 17ರಂದು ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡ. ಅವನೂ ಸೇರಿ ಐದು ಜನರನ್ನು ಹಾಸ್ಟೆಲಿನಿಂದ ಹೊರಹಾಕಿದ್ದರು, ಅವರು ಬಯಲಲ್ಲಿ ಮಲಗಿ ಪ್ರತಿಭಟಿಸುತ್ತಿದ್ದರು. ಅವನು ಬರೆದಿಟ್ಟ ಕಾಗದವನ್ನು ದೇಶವೆಲ್ಲ ಓದಿತು. ವಿಜ್ಞಾನದ ಬಗ್ಗೆ ಬರೆಯುವ ಲೇಖಕನಾಗಬೇಕು ಅನ್ನುವ ಆಸೆ ಅದರಲ್ಲಿತ್ತು, ನಕ್ಷತ್ರಗಳ ಮಾತಿತ್ತು, ಒಳಗಿನ ಖಾಲಿತನದ ಮಾತೂ ಇತ್ತು. ಕೆಲವರು ಆ ಖಾಲಿತನವನ್ನಷ್ಟೇ ಹಿಡಿದುಕೊಂಡು, ಇದು ಅವನ ಸ್ವಂತ ಕೊರಗು, ಜಾತಿಗೂ ಇದಕ್ಕೂ ಏನು ಸಂಬಂಧ ಅಂದರು. ನಾವು ಬೀದಿಗೆ ಇಳಿದೆವು, ಇಳಿಯಲೇಬೇಕಿತ್ತು. ಆದರೆ ನಮ್ಮ ಭಾಷಣಗಳಲ್ಲಿ ನಕ್ಷತ್ರ ಕಾಣೆಯಾಗಿತ್ತು. ಅವರು ಕೊರಗನ್ನು ಇಟ್ಟುಕೊಂಡು ಜಾತಿಯನ್ನು ಬಿಟ್ಟರು, ನಾವು ಜಾತಿಯನ್ನು ಹಿಡಿದು ಕೊರಗನ್ನು ಬಿಟ್ಟೆವು. ಅವೆರಡೂ ಒಂದೇ ಗಾಯದ ಎರಡು ತುಟಿ ಅನ್ನುವುದನ್ನು ಓದಬಲ್ಲ ವಿಮರ್ಶೆ ನಮ್ಮಲ್ಲಿ ಇರಲಿಲ್ಲ. ಆ ಸಾವನ್ನು ನಾವು ಹಾಡಿ ಹೊಗಳುವುದಿಲ್ಲ. ಅವನು ಬದುಕಬೇಕಿತ್ತು, ನಕ್ಷತ್ರದ ಬಗ್ಗೆ ಬರೆಯಬೇಕಿತ್ತು. ಹಾಗೆ ಬರೆದಿದ್ದರೆ ಅದೂ ಬಂಡಾಯವೇ ಆಗುತ್ತಿತ್ತು.

ಈಗ ನಮ್ಮ ಹುಡುಗನಿಗೆ. ತಮ್ಮಾ, ನಿನ್ನ ಸಂಜೆಯ ಬರಿದು ನವ್ಯದವರಿಂದ ಅಂಟಿದ ಕಾಯಿಲೆ ಅಂದದ್ದು ನಮ್ಮ ತಪ್ಪು. ಕತೆ ಮಾಡು. ಆದರೆ ಬರೆಯಲು ಕೂತಾಗ ಸಂಜೆಯ ಬಣ್ಣವನ್ನಷ್ಟೇ ಬರೆಯಬೇಡ. ಬಾಡಿಗೆ ಮನೆ ಹುಡುಕಿದಾಗ ‘ನೀವು ಯಾವ ಪೈಕಿ?’ ಅಂತ ಕೇಳಿದರೇ, ಅದನ್ನು ಬರೆ. ಆಗ ನೀನು ಸುಳ್ಳು ಹೇಳಿದೆಯಾ, ಅದನ್ನೂ ಬರೆ. ಕಚೇರಿಯಲ್ಲಿ ಊಟದ ಡಬ್ಬಿ ತೆರೆದಾಗ ಯಾರು ಎದ್ದು ಹೋಗುತ್ತಾರೆ? ತಾರಸಿ ಮನೆ ಎದ್ದ ಮೇಲೆ ಕೇರಿಯ ಎಷ್ಟು ಜನ ನಿನ್ನ ಜಗಲಿ ಹತ್ತಿದ್ದಾರೆ? ನೀನು ಎಷ್ಟು ಜನರ ಗುಡಿಸಲಿಗೆ ಹೋಗಿದ್ದೀಯ? ನಿಮ್ಮಪ್ಪನಿಗೆ ಗುರಿ ಇತ್ತು, ನಿನ್ನನ್ನು ಓದಿಸುವುದು. ಅವನ ಗುರಿ ಮುಗಿದ ಜಾಗದಲ್ಲಿ ನೀನು ನಿಂತಿದ್ದೀಯ. ಊರು ನಿನ್ನ ಹಣೆಯ ಮೇಲೆ ಬರೆದದ್ದು ಅರ್ಧ ಅಳಿಸಿದೆ. ನಿನ್ನದು ಇನ್ನೂ ಬರೆದಾಗಿಲ್ಲ. ಆ ಖಾಲಿ ಜಾಗಕ್ಕೇ ನೀನು ಬರಿದು ಅನ್ನುತ್ತಿದ್ದೀಯೇನೋ. ಅಲ್ಲಿ ಏನು ಬರೆಯಬೇಕು ಅನ್ನುವುದನ್ನು ನಾವು ಹೇಳಿದರೆ ನಾವೂ ಊರಗೌಡರೇ ಆಗುತ್ತೇವೆ.

ನಿಮ್ಮವ್ವ ಒಲೆ ಮುಂದೆ ಏನು ಅನ್ನುತ್ತಿದ್ದಳು ಕೇಳಿಕೊಂಡು ಬಾ. ಮುಂದಿನ ಸಲ ಅಲ್ಲಿಂದ ಶುರು ಮಾಡೋಣ. ನಾವು ನಗುವುದಿಲ್ಲ.